ಚುಕ್ಕಿಗಳನ್ನು ಎಣಿಸುವ ಮೊದಲು: ಸೂಪರ್ ರೆಸಲ್ಯೂಶನ್ ಚಿತ್ರದಿಂದ ಲೆಕ್ಕ ತೆಗೆಯುವುದು ಹೇಗೆ?

ಭಾನುವಾರ ಸಂಜೆ ಚಾಮುಂಡಿ ಬೆಟ್ಟದ ಮೇಲಿಂದ ಮೈಸೂರು ಅರಮನೆ ನೋಡಿದ್ದೀರಾ? ಸುಮಾರು 1 ಲಕ್ಷ ಬಲ್ಬುಗಳು. ಅಷ್ಟು ದೂರಕ್ಕೆ ಕಾಣುವುದು ಬೆಳಕಿನ ಒಂದು ಮುದ್ದೆ. ಜೀವಕೋಶದ ಪ್ರೋಟೀನುಗಳೂ ಮಾಮೂಲಿ ಮೈಕ್ರೋಸ್ಕೋಪಿಗೆ ಹೀಗೇ. ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕಿ ಒಂದಾಗಿಬಿಡುತ್ತವೆ. 1873ರಲ್ಲಿ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ ಹೇಳಿದ ಮಿತಿ ಇದು. ಇದನ್ನು ದಾಟಿ ತೆಗೆದ ಚಿತ್ರವೇ ಸೂಪರ್ ರೆಸಲ್ಯೂಶನ್ ಚಿತ್ರ. ಈ ಮಿತಿ ದಾಟಿದ್ದಕ್ಕೆ ಎರಿಕ್ ಬೆಟ್ಜಿಗ್, ಸ್ಟೀಫನ್ ಹೆಲ್, ವಿಲಿಯಂ ಮೋರ್ನರ್ ಅವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಬಂತು.

ದಾಟುವ ಒಂದು ದಾರಿ ಪಾಮ್ ಮತ್ತು ಸ್ಟಾರ್ಮ್ ಎಂಬ ತಂತ್ರಗಳು. ಪ್ರೋಟೀನುಗಳಿಗೆ ಸೇರಿಸಿದ ಹೊಳೆಯುವ ಅಣುಗಳೇ ಇಲ್ಲಿ ಬಲ್ಬು. ಎಲ್ಲ ಬಲ್ಬೂ ಆರಿಸಿ, ಒಂದು ಸಲಕ್ಕೆ ಅಲ್ಲೊಂದು ಇಲ್ಲೊಂದು ಮಿನುಗಿಸುವುದು. ಪ್ರತಿ ಮಿನುಗಿನ ನಡುಬಿಂದು ಗುರುತಿಸಿ, ಸಾವಿರಾರು ಫ್ರೇಮು ಸೇರಿಸಿದರೆ ಚಿತ್ರ ಸಿದ್ಧ. ಚಿತ್ರಕ್ಕೆ ಮರುಳಾಗಬೇಡಿ. ನಿಮಗೆ ಬೇಕಾದ ಲೆಕ್ಕ ಇರುವುದು ಅದರ ಹಿಂದಿನ ಪಟ್ಟಿಯಲ್ಲಿ, ಅಂದರೆ ಪ್ರತಿ ಮಿನುಗಿನ ಜಾಗ ಬರೆದಿಟ್ಟ ಪಟ್ಟಿಯಲ್ಲಿ.

ಮೊದಲು ಆ ಪಟ್ಟಿ ತೆಗೆಯಿರಿ. ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ಸಾಫ್ಟ್‌ವೇರ್, ಅದರೊಳಗೆ ಥಂಡರ್‌ಸ್ಟಾರ್ಮ್ ಎಂಬ ಪ್ಲಗಿನ್ ಸಾಕು; ಎರಡೂ ಉಚಿತ. ಮಂಕು ಮಿನುಗುಗಳನ್ನು ಕೈಬಿಡಿ. ಚುಕ್ಕಿಯ ಹರವು 130 ನ್ಯಾನೊಮೀಟರ್ ಇದ್ದು 100 ಫೋಟಾನ್ ಸಿಕ್ಕರೆ, ಜಾಗದ ತಪ್ಪು ಹೆಚ್ಚುಕಡಿಮೆ 13 ನ್ಯಾನೊಮೀಟರ್. 400 ಸಿಕ್ಕರೆ ಅದರ ಅರ್ಧ. ಹಿನ್ನೆಲೆ ಬೆಳಕು ಇದ್ದರೆ ತಪ್ಪು ಇನ್ನೂ ಜಾಸ್ತಿ.

ಆಮೇಲೆ ಸ್ಲೈಡು ಜರುಗಿದ್ದನ್ನು ಸರಿಪಡಿಸಿ. ಕೋಣೆಯ ಬಿಸಿ ಸ್ವಲ್ಪ ಏರುಪೇರಾದರೂ ಅದು ಜರುಗುತ್ತದೆ. ಗಾಜಿನ ಮೇಲೆ ಮೊದಲೇ ಅಂಟಿಸಿದ ಹೊಳೆಯುವ ಮಣಿಗಳೇ ಇಲ್ಲಿ ಗುರುತುಕಲ್ಲು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಮಿಂಚುಹುಳು ಐದು ಸಲ ಮಿಂಚಿದರೆ ಐದು ಹುಳು ಅನ್ನುತ್ತೇವಾ? ಒಂದೇ ಅಣುವೂ ಹಲವು ಸಲ ಮಿನುಗುತ್ತದೆ. ಸುಮ್ನೆ ಎಣಿಸಿದರೆ ಇಲ್ಲದ ಗುಂಪು ಹುಟ್ಟಿಕೊಳ್ಳುತ್ತದೆ. ಅದಕ್ಕೆ ಅದೇ ಹೊಳೆಯುವ ಬಣ್ಣದ್ರವ್ಯ, ಅದೇ ಬಫರ್ ದ್ರಾವಣ ಬಳಸಿ, ಗಾಜಿನ ಮೇಲೆ ದೂರದೂರ ಚದುರಿಸಿದ ಒಂಟಿ ಅಣುಗಳನ್ನು ನೋಡಿ. ಸರಾಸರಿ 4 ಸಲ ಮಿನುಗಿದರೆ, 6,000 ಚುಕ್ಕಿ ಎಂದರೆ ಸುಮಾರು 1,500 ಅಣು. ಲೆಕ್ಕ ಪರೀಕ್ಷಿಸಲು ಕೋಶಕೇಂದ್ರದ ರಂಧ್ರ ಒಳ್ಳೆಯ ಅಳತೆಗೋಲು: ಒಂದೊಂದರಲ್ಲೂ ನಪ್96 ಪ್ರೋಟೀನಿನ 32 ಪ್ರತಿಗಳಿರುತ್ತವೆ.

ಗುಂಪು ಹುಡುಕಲು ಡಿಬಿಸ್ಕ್ಯಾನ್ ಎಂಬ ಕಂಪ್ಯೂಟರ್ ವಿಧಾನ ಇದೆ; ನೀವು ಕೊಟ್ಟ ತ್ರಿಜ್ಯದೊಳಗೆ ಸಾಕಷ್ಟು ಚುಕ್ಕಿ ಇದ್ದರೆ ಅದು ಗುಂಪು ಅನ್ನುತ್ತದೆ. ತ್ರಿಜ್ಯ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಹಾಗಾಗಿ ಅಷ್ಟೇ ಚುಕ್ಕಿಗಳನ್ನು ಕಂಪ್ಯೂಟರಿನಲ್ಲಿ ಮನಬಂದಂತೆ ಚೆಲ್ಲಿ, ಅದರ ಜತೆ ಹೋಲಿಸಿ ನೋಡಿ.

ಕೊನೆಗೆ, ಒಂದು ಕೋಶದ 50,000 ಚುಕ್ಕಿ ಎಂದರೆ ಮಾದರಿ ಒಂದೇ. ಮಂಡ್ಯದ ಒಂದು ಗದ್ದೆಯ ಕಬ್ಬು ತೂಗಿ ಇಡೀ ತಾಲ್ಲೂಕಿನ ಇಳುವರಿ ಹೇಳಕ್ಕಾಗಲ್ಲ, ಅಲ್ವಾ? ಬೇರೆ ಬೇರೆ ದಿನ ಮಾಡಿದ ಸ್ಲೈಡುಗಳಿಂದ ಹಲವು ಕೋಶಗಳನ್ನು ತೆಗೆದುಕೊಳ್ಳಿ.