ಯಕ್ಷಗಾನದ ಆಟದ ಹುಚ್ಚಿರುವವರು ಯಾವ ಆ್ಯಪಿನಲ್ಲಿ ಸೇರಬೇಕು? ನನ್ನ ಅನುಭವ

ಊರಲ್ಲಿ ಇರುವವರಿಗೆ ಈ ಪ್ರಶ್ನೆಯೇ ಇಲ್ಲ. ಕುಂದಾಪುರದ ಕಡೆ ರಾತ್ರಿ ಆಟ, ಅಂದರೆ ಯಕ್ಷಗಾನ, ನೋಡಿದರೆ ಮರುದಿನ ಬಸ್ಸಿನಲ್ಲೋ, ಹಾಲಿನ ಡೈರಿಯಲ್ಲೋ, ಯಾರದ್ದಾದರೂ ಮದುವೆ ಊಟದಲ್ಲೋ ಅದರ ಬಗ್ಗೆ ಮಾತಾಡಲು ಜನ ಸಿಕ್ಕೇ ಸಿಗುತ್ತಾರೆ. ಹಾಡುವ ಭಾಗವತರು ಆ ಪದ್ಯವನ್ನು ಯಾಕೆ ಅಷ್ಟು ಎಳೆದರು, ಎರಡನೇ ವೇಷದವರು ಅರ್ಥ (ಪಾತ್ರದ ಮಾತು) ಹೇಳುವಾಗ ಎಲ್ಲಿ ತಡವರಿಸಿದರು ಅಂತ ಒಂದು ವಾರ ಆರಾಮಾಗಿ ಹರಟಬಹುದು. ಬೆಂಗಳೂರಿಗೆ ಬಂದು ನೆಲೆಸಿದ ನಮಗೆ ಆ ಭಾಗ್ಯ ಇಲ್ಲ. ನನ್ನ ಪಕ್ಕದ ಮನೆಯವರಿಗೆ ಯಕ್ಷಗಾನ ಅಂದರೆ ಕಿರೀಟ, ಬಣ್ಣ, ಕುಣಿತ, ಅಷ್ಟೇ. ವಾದ್ಯಗಳಲ್ಲಿ ಮದ್ದಲೆ ಯಾವುದು, ಚಂಡೆ ಯಾವುದು ಅಂತ ಹೇಳಿ ಮುಗಿಸುವಷ್ಟರಲ್ಲಿ ಅವರ ಲಿಫ್ಟ್ ಬಂದಿರುತ್ತದೆ.

ಹಾಗಾಗಿ ನಾನು ಆರ್ಕುಟ್ ಕಾಲದಿಂದಲೂ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ನನ್ನಂಥವರನ್ನು ಹುಡುಕುತ್ತಲೇ ಬಂದಿದ್ದೇನೆ. ಇತ್ತೀಚೆಗೆ ಹೊಸದಾಗಿ ಆಟದ ರುಚಿ ಹತ್ತಿದ ಕೆಲವರು "ಅಕ್ಕ, ಯಾವುದಕ್ಕೆ ಸೇರಿದರೆ ಒಳ್ಳೇದು?" ಅಂತ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸುಸ್ತಾಯ್ತು, ಅದಕ್ಕೇ ಬರೆದು ಇಟ್ಟುಬಿಡುತ್ತೇನೆ.

ಮೊದಲೇ ನನ್ನ ಲೆಕ್ಕ ಹೇಳುತ್ತೇನೆ. ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆ, ದಿನಕ್ಕೆ ಎಷ್ಟು ಮೆಸೇಜ್ ಬರುತ್ತವೆ ಅಂತ ನಾನು ನೋಡುವುದಿಲ್ಲ. ನಾನೊಂದು ಪ್ರಶ್ನೆ ಕೇಳಿದರೆ ಗೊತ್ತಿರುವವರು ಉತ್ತರ ಕೊಡುತ್ತಾರಾ, ಆ ಉತ್ತರ ಆರು ತಿಂಗಳ ಮೇಲೆ ಹುಡುಕಿದರೆ ಸಿಗುತ್ತದಾ, ಅಷ್ಟೇ. ಅಭಿಮಾನಿಗಳ ಬಳಗ ಅಂದರೆ ನನಗೆ ಇದು. ಬೇರೆಯವರಿಗೆ ಬೇರೆ ಇರಬಹುದು. ಬರೀ ಚಪ್ಪಾಳೆ ಹೊಡೆಯುವ ಜಾಗ ಬೇಕಾದವರಿಗೆ ನನ್ನ ಸಲಹೆ ಉಪಯೋಗಕ್ಕೆ ಬರಲ್ಲ.

ನನ್ನ ಹತ್ತಿರ ಒಂದು ಪ್ರಶ್ನೆ ಬಹಳ ವರ್ಷದಿಂದ ಇತ್ತು. ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಕ್ಯಾಸೆಟ್. ಅಂಗಡಿಯದ್ದಲ್ಲ, ಯಾರೋ ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಮಾಡಿಕೊಂಡದ್ದು. ಮೇಲೆ ಚೀಟಿ ಇಲ್ಲ. ಹಾಡಿರುವುದು ಭಾಗವತ ಕಾಳಿಂಗ ನಾವಡರು, ಅದರಲ್ಲಿ ಅನುಮಾನವೇ ಇಲ್ಲ, ಎರಡು ಸಾಲು ಕೇಳಿದರೆ ನಮ್ಮೂರಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಆಗ ಅವರಿಗೆ ಬರೀ ಮೂವತ್ತರ ಆಸುಪಾಸಿನ ವಯಸ್ಸು. ಅಂದರೆ ಆಟ ಅದಕ್ಕಿಂತ ಹಿಂದಿನದ್ದು. ಆದರೆ ಎಲ್ಲಿಯ ಆಟ, ಚಂಡೆ ಯಾರದ್ದು? ಒಂದು ಪದ್ಯ ಏರುತ್ತಾ ಹೋಗಿ, ಚಂಡೆಯವರು ಒಂದು ಮುಕ್ತಾಯ ಬಾರಿಸುತ್ತಾರೆ, ಅಷ್ಟರಲ್ಲಿ ಕ್ಯಾಸೆಟ್ಟಿನ ಆ ಮಗ್ಗಲು ಮುಗಿಯುತ್ತದೆ. ತಿರುಗಿಸಿ ಹಾಕಿದರೆ ಪದ್ಯ ಮುಗಿದು ಮಾತು ಶುರುವಾಗಿದೆ. ಎಷ್ಟು ಹೊಟ್ಟೆ ಉರಿಯುತ್ತದೆ ಅಂತ ಕೇಳಬೇಡಿ.

ಇದೇ ಪ್ರಶ್ನೆಯನ್ನು ನಾನು ಒಂದೊಂದು ಕಡೆ ಹಾಕಿ ನೋಡಿದ್ದೇನೆ.

ಆರ್ಕುಟ್ ಬಗ್ಗೆ ಜಾಸ್ತಿ ಹೇಳಿ ಪ್ರಯೋಜನ ಇಲ್ಲ, 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಆದರೆ ಅಲ್ಲಿನ ಕಮ್ಯುನಿಟಿಗಳಲ್ಲಿ ಒಂದು ವಿಷಯಕ್ಕೆ ಒಂದು ತಲೆಬರಹ, ಅದರ ಕೆಳಗೇ ಎಲ್ಲ ಮಾತು. ತಿಂಗಳ ಮೇಲೆ ಬಂದವರೂ ಅಲ್ಲೇ ಮುಂದುವರಿಸುತ್ತಿದ್ದರು. ಆ ಗುಣ ಆಮೇಲೆ ಬಂದ ಆ್ಯಪ್‌ಗಳಲ್ಲಿ ಸುಲಭಕ್ಕೆ ಸಿಗಲಿಲ್ಲ.

ವಾಟ್ಸಾಪ್ ಎಲ್ಲರಿಗೂ ಗೊತ್ತು. ಇವತ್ತು ಎಲ್ಲಿ ಆಟ, ಯಾವ ಪ್ರಸಂಗ, ಅತಿಥಿ ಕಲಾವಿದರು ಯಾರು, ಮಳೆ ಬಂದು ಆಟ ನಿಂತಿತಾ, ಈ ಸುದ್ದಿಗೆ ಅದನ್ನು ಬಿಟ್ಟರೆ ಬೇರೆ ಇಲ್ಲ. ಊರಿಗೆ ಹೊರಟಾಗ ನಾನು ಬಸ್ ಟಿಕೆಟ್ ಮಾಡುವ ಮೊದಲು ನೋಡುವುದು ಅದನ್ನೇ. ಮೊದಲು ಒಂದು ಗ್ರೂಪಿಗೆ 256 ಜನ ಅಂತ ಮಿತಿ ಇತ್ತು, 2022ರಲ್ಲಿ ಅದು 1024ಕ್ಕೆ ಏರಿತು. ಒಳ್ಳೇದಾಯ್ತು ಅಂದುಕೊಂಡೆವು. ಜನ ಹೆಚ್ಚಾದ ಮೇಲೆ ಮಾತು ಕಡಿಮೆಯಾಯಿತು. ಅದೇ ಕ್ಯಾಸೆಟ್ಟಿನ ಒಂದು ತುಣುಕು ಹಾಕಿ "ಚಂಡೆ ಯಾರದ್ದು, ಗೊತ್ತಿದ್ದವರು ಹೇಳಿ" ಅಂತ ಕೇಳಿದೆ. ಕೈಮುಗಿದ ಚಿಹ್ನೆಗಳ ಸಾಲು ಬಂತು. "ಗಾನಕೋಗಿಲೆ" ಅಂತ ಒಬ್ಬರು. "ಇನ್ನೊಬ್ಬ ನಾವಡ ಹುಟ್ಟಲ್ಲ" ಅಂತ ಇನ್ನೊಬ್ಬರು. ಸರಿ, ನಿಜ, ಆದರೆ ಚಂಡೆ? ಮಧ್ಯಾಹ್ನದೊಳಗೆ ನಾಳಿನ ಆಟದ ಪೋಸ್ಟರು, ಯಾರದ್ದೋ ಹುಟ್ಟುಹಬ್ಬ, ಎಲೆಕ್ಷನ್ ವಿಡಿಯೋ ಬಂದು ನನ್ನ ಪ್ರಶ್ನೆ ಮೇಲೆಲ್ಲೋ ಹೋಯಿತು. ಆಮೇಲೆ ಗ್ರೂಪಿಗೆ ಸೇರಿದವರಿಗೆ ಅದು ಕಾಣಲೂ ಇಲ್ಲ. ಉತ್ತರ ಗೊತ್ತಿದ್ದ ಹಿರಿಯರು ಮುಂದಿನ ವಾರ ಸೇರಿದ್ದರೆ? ಮುಗೀತು.

ಇನ್ನೊಂದು ವಿಷಯ ಇದೆ, ಗಂಡಸರು ಬರೆಯುವ ಸಲಹೆಗಳಲ್ಲಿ ಇದು ಯಾವತ್ತೂ ಇರುವುದಿಲ್ಲ. ವಾಟ್ಸಾಪ್ ಗ್ರೂಪಿಗೆ ಸೇರಿದರೆ ನಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂದು ದೊಡ್ಡ ಗ್ರೂಪಿನಲ್ಲಿ ನಾನು ಅರ್ಥಗಾರಿಕೆ ಬಗ್ಗೆ ನಾಲ್ಕು ಮಾತು ಬರೆದೆ. ರಾತ್ರಿ ಹತ್ತರ ಮೇಲೆ ಪರಿಚಯವೇ ಇಲ್ಲದವರೊಬ್ಬರ ಮೆಸೇಜ್. ಮೊದಲು "ಮೇಡಂ ಚೆನ್ನಾಗಿ ಬರೀತೀರಿ". ಆಮೇಲೆ "ಯಾವ ಊರು, ಯಾರ ಮಗಳು". ಆಮೇಲೆ "ಡಿಪಿ ಯಾಕೆ ಇಟ್ಟಿಲ್ಲ". ಬ್ಲಾಕ್ ಮಾಡಿದೆ. ಅಡ್ಮಿನ್‌ಗೆ ಹೇಳಿದರೆ "ಅವರು ಒಳ್ಳೆ ಜನ ಮಾರಾಯ್ತಿ, ಏನೋ ಕುತೂಹಲ" ಅಂದರು. ಆ ಗ್ರೂಪಿನಿಂದ ಹೊರಗೆ ಬಂದೆ. ನನ್ನ ಪರಿಚಯದ ಎಷ್ಟೋ ಹೆಂಗಸರು, ರಾತ್ರಿಯಿಡೀ ಕೂತು ಆಟ ನೋಡುವವರು, ತಾಳ ತಪ್ಪಿದರೆ ಕೂತಲ್ಲೇ ಹೇಳುವವರು, ಇದೇ ಕಾರಣಕ್ಕೆ ಯಾವ ಗ್ರೂಪಿಗೂ ಸೇರಿಲ್ಲ. ಅವರ ತಿಳಿವಳಿಕೆ ಎಲ್ಲಿಯೂ ಬರಹಕ್ಕೆ ಬಂದಿಲ್ಲ. ಈಗ ಮಾತಾಡಲು ನನಗೆ ಒಂದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ಇರುವವರು ಬೆರಳೆಣಿಕೆಯ ಹೆಂಗಸರು, ಎಲ್ಲರೂ ಮುಖ ನೋಡಿ ಪರಿಚಯ ಇರುವವರು. ಅಲ್ಲಿ ಹರಟೆ ಜೋರು. ಅದನ್ನು ಹೊರಗೆ ಹೇಳುವ ಹಾಗಿಲ್ಲ.

ಫೇಸ್‌ಬುಕ್ ಗ್ರೂಪುಗಳಲ್ಲಿ ಫೋಟೋ ಚೆನ್ನಾಗಿ ಸಿಗುತ್ತವೆ. ಹಳೆಯ ಚೌಕಿಯ (ವೇಷ ಕಟ್ಟುವ ಜಾಗದ) ಫೋಟೋ, ಬಣ್ಣ ಹಚ್ಚಿಕೊಳ್ಳುವಾಗಿನ ಫೋಟೋ, ಐವತ್ತು ವರ್ಷ ಹಿಂದಿನ ಕರಪತ್ರ. ಹಳೇ ಪೋಸ್ಟಿಗೆ ಯಾರಾದರೂ ಕಮೆಂಟ್ ಹಾಕಿದರೆ ಅದು ಮತ್ತೆ ಮೇಲೆ ಬರುವುದೂ ಉಂಟು, ಅದು ಒಳ್ಳೆಯದು. ತೊಂದರೆ ಏನೆಂದರೆ ಕಲಾವಿದರು, ಅವರ ಮಕ್ಕಳು, ಮೇಳದ (ಆಟದ ತಂಡದ) ಯಜಮಾನರ ಕಡೆಯವರು ಎಲ್ಲರೂ ಅಲ್ಲೇ ಇದ್ದಾರೆ, ಅದೂ ಸ್ವಂತ ಹೆಸರಿನಲ್ಲಿ. ಹಾಗಾಗಿ ಎಲ್ಲ ಆಟವೂ "ಅದ್ಭುತ", ಎಲ್ಲ ವೇಷವೂ "ನ ಭೂತೋ". ಯಾರಾದರೂ "ಈ ಸಲದ ಪಾತ್ರ ಸ್ವಲ್ಪ ಸಪ್ಪೆ ಅನಿಸಿತು" ಅಂತ ಬರೆದರೆ ಸಾಕು, ನಾಲ್ಕು ದಿನ ಜಗಳ. ಕಲಾವಿದರ ತಪ್ಪು ಅಂತ ನಾನು ಹೇಳಲ್ಲ. ಚಳಿಗಾಲದಿಂದ ತಿರುಗಾಟ ಮುಗಿಯುವ ಪತ್ತನಾಜೆಯ ತನಕ ದಿನಾ ರಾತ್ರಿ ಕುಣಿಯುವವರು ಬೆಳಿಗ್ಗೆ ಎದ್ದು ಫೋನು ನೋಡಿದಾಗ ಅದು ಕಣ್ಣಿಗೆ ಬಿದ್ದರೆ ಬೇಜಾರಾಗಲ್ವಾ? ಆಗುತ್ತದೆ. ಆದರೆ ನಮಗೂ ಮನಬಿಚ್ಚಿ ಮಾತಾಡಲು ಒಂದು ಜಾಗ ಬೇಕಲ್ಲ.

ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ ಆಟಕ್ಕೆ ಬಂದ ಹುಡುಗರನ್ನು ನಾನು ಬಲ್ಲೆ, ಹಾಗಾಗಿ ಬೈಯಲ್ಲ. ಮಾತುಕತೆಗೆ ಅಲ್ಲಿ ಏನೂ ಇಲ್ಲ. ಪ್ರವೇಶದ ಕುಣಿತ, ಗಿರಗಿರ ತಿರುಗುವ ಒಂದು ಗಿರ್ಕಿ, ಕೆಳಗೆ ಬೆಂಕಿಯ ಚಿಹ್ನೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಾಗ ಕೆಲವು ಹುಡುಗರು ಡಿಸ್ಕಾರ್ಡ್ ಅನ್ನುವ ಆ್ಯಪಿನಲ್ಲಿ ಗ್ರೂಪ್ ಮಾಡಿದರು. ವಿಷಯಕ್ಕೊಂದು ಚಾನೆಲ್, ಜೊತೆಗೆ ಧ್ವನಿಯಲ್ಲಿ ಮಾತಾಡುವ ಕೋಣೆ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ತಾಳಮದ್ದಲೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವುದು) ಕೇಳುತ್ತಾ ನಡುವೆ ನಡುವೆ ಮಾತಾಡುತ್ತಿದ್ದೆವು, ತುಂಬಾ ಚೆನ್ನಾಗಿತ್ತು. ಆದರೆ ನಿಜವಾಗಿ ವಿಷಯ ಗೊತ್ತಿದ್ದ ಅರವತ್ತು ದಾಟಿದವರು ಒಬ್ಬರೂ ಒಳಗೆ ಬರಲಿಲ್ಲ. ಲಾಗಿನ್ ಮಾಡಿಸಿಕೊಡುವುದರಲ್ಲೇ ಅವರಿಗೂ ನಮಗೂ ಸಾಕಾಯಿತು. ಹುಡುಗರು ಹುಡುಗರನ್ನೇ ಕೇಳಿ ಉತ್ತರ ಎಲ್ಲಿಂದ ಬರಬೇಕು? ಮೇಳಗಳು ಮತ್ತೆ ಹೊರಟ ಮೇಲೆ ಆ ಕೋಣೆ ಖಾಲಿ.

ಟೆಲಿಗ್ರಾಂ ನನಗೆ ಇಷ್ಟ, ಆದರೆ ಭಂಡಾರವಾಗಿ ಮಾತ್ರ. ಕ್ಯಾಸೆಟ್ಟನ್ನು 128 ಕೆಬಿಪಿಎಸ್ ಎಂಪಿ3 ಮಾಡಿದರೆ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಎಂಬಿ. ತೊಂಬತ್ತು ನಿಮಿಷದ ಕ್ಯಾಸೆಟ್ ಒಂದಕ್ಕೆ 90 ಎಂಬಿ ಒಳಗೆ ಆಗುತ್ತದೆ. ರಾತ್ರಿಯಿಡೀ ನಡೆದ ತಾಳಮದ್ದಲೆ ಕೂಟದ ರೆಕಾರ್ಡಿಂಗ್ ಎಂಟು ಗಂಟೆ ಇದ್ದರೆ 460 ಎಂಬಿ. ಟೆಲಿಗ್ರಾಂನಲ್ಲಿ ಒಂದು ಫೈಲ್ 2 ಜಿಬಿ ತನಕ ಹಾಕಬಹುದು, ಹಾಗಾಗಿ ತುಂಡು ಮಾಡುವ ಗೋಳಿಲ್ಲ. ಅಡ್ಮಿನ್ ಅನುಮತಿ ಕೊಟ್ಟರೆ ಹೊಸಬರಿಗೂ ಹಳೆಯದೆಲ್ಲ ಕಾಣುತ್ತದೆ, ನಮ್ಮ ನಂಬರ್ ಮುಚ್ಚಿಡಬಹುದು, 2022ರ ಕೊನೆಗೆ ಟಾಪಿಕ್ಸ್ ಬಂದ ಮೇಲೆ ಯಕ್ಷಗಾನದ ಎರಡು ಶೈಲಿಗಳಾದ ಬಡಗು, ತೆಂಕು, ಆಮೇಲೆ ಕೂಟ ಅಂತ ಬೇರೆ ಬೇರೆ ಇಡಬಹುದು. ಅಭಿಮಾನಿಗಳು ತಾವೇ ಮಾಡಿಕೊಂಡ ರೆಕಾರ್ಡಿಂಗ್ ಮಾತ್ರ ಹಾಕುತ್ತೇವೆ, ಕಲಾವಿದರನ್ನೋ ಮನೆಯವರನ್ನೋ ಕೇಳಿಯೇ ಹಾಕುತ್ತೇವೆ. ಅಂಗಡಿ ಕ್ಯಾಸೆಟ್ ಹಾಕುವ ಗ್ರೂಪುಗಳೂ ಇವೆ, ನಾನು ಅವುಗಳಲ್ಲಿಲ್ಲ. ಆದರೆ ಇಲ್ಲಿ ಜನ ಬರುತ್ತಾರೆ, ಡೌನ್‌ಲೋಡ್ ಮಾಡುತ್ತಾರೆ, ಹೋಗುತ್ತಾರೆ. ಒಂದು "ಧನ್ಯವಾದ" ಕೂಡ ಇಲ್ಲ. ನನ್ನ ಚಂಡೆ ಪ್ರಶ್ನೆ ಅಲ್ಲಿ ಈಗಲೂ ಇದೆ, ಅಚ್ಚುಕಟ್ಟಾಗಿ, ಉತ್ತರ ಇಲ್ಲದೆ.

ಉತ್ತರ ಸಿಕ್ಕಿದ್ದು ಯೂಟ್ಯೂಬ್ ಕಮೆಂಟಿನಲ್ಲಿ! ನಾನೂ ನಂಬಿರಲಿಲ್ಲ, ಯಾಕೆಂದರೆ ಯೂಟ್ಯೂಬ್ ಕಮೆಂಟ್ ಅಂದರೆ ಬೈಗುಳದ ಜಾಗ ಅಂತ ಎಲ್ಲರೂ ಹೇಳುತ್ತಾರಲ್ಲ. ನಾವಡರ ಹಾಡಿನ ಅಂಥದ್ದೇ ರೆಕಾರ್ಡಿಂಗ್ ಒಂದನ್ನು ಯಾರೋ ಹಾಕಿದ್ದರು, ಕೇಳಿದರೆ ನನ್ನ ಕ್ಯಾಸೆಟ್ಟಿನ ಅದೇ ಆಟ, ಆದರೆ ಬೇರೆಯವರು ಬೇರೆ ಕಡೆ ಕೂತು ಮಾಡಿದ್ದು. ಅವರ ಕ್ಯಾಸೆಟ್ ಆ ಪದ್ಯದ ನಡುವೆ ಮುಗಿದಿರಲಿಲ್ಲ! ಕೆಳಗೆ ಹಿರಿಯರೊಬ್ಬರು ಗಂಟೆ, ನಿಮಿಷ, ಸೆಕೆಂಡ್ ಸಮೇತ ಪಟ್ಟಿ ಬರೆದಿದ್ದರು. ಇಲ್ಲಿ ಈ ಪದ್ಯ, ಇಂಥ ರಾಗ, ಇಂಥ ತಾಳ, ಇಲ್ಲಿ ವೇಷ ಬದಲು, ಇಲ್ಲಿ ಹಾಸ್ಯಗಾರರು ಬರುತ್ತಾರೆ. ಅಂಕಿ ಒತ್ತಿದರೆ ಸೀದಾ ಆ ಪದ್ಯಕ್ಕೇ ಹೋಗುತ್ತದೆ. ನಾನು ಚಂಡೆಯ ಬಗ್ಗೆ ಕೇಳಿದೆ. ಸುಮಾರು ದಿನ ಏನೂ ಇಲ್ಲ. ಆಮೇಲೆ ಒಂದು ದಿನ ಉತ್ತರ, ಚಂಡೆಯವರ ಹೆಸರು, ಆಟ ನಡೆದ ಗದ್ದೆ ಯಾರದ್ದು ಅನ್ನುವುದರ ಸಮೇತ. ಕೊನೆಗೆ "ಆ ಮುಕ್ತಾಯ ಅವರದ್ದೇ, ಬೇರೆಯವರು ಹಾಗೆ ಬಿಡ್ತಿರ್ಲಿಲ್ಲ" ಅಂತ ಒಂದು ಸಾಲು. ಆ ಸಾಲು ಓದಿ ನಾನು ಆ ಜಾಗವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಚಂಡೆಯ ಕೊನೆಯ ಪೆಟ್ಟಿಗಿಂತ ಮುಂಚೆ ಒಂದು ಚಿಟಿಕೆಯಷ್ಟು ಸುಮ್ಮನಾಗುತ್ತಾರೆ, ಆಮೇಲೆ ಬಾರಿಸುತ್ತಾರೆ. ಅದು ಅಲ್ಲಿಯತನಕ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಯಾಕೆ ಅಲ್ಲಿ ಹೀಗಾಗುತ್ತದೆ ಅಂತ ಯೋಚಿಸಿದ್ದೇನೆ. ಅಲ್ಲಿಗೆ ಯಾರೂ ಸೇರಬೇಕಾಗಿಲ್ಲ. ಅಡ್ಮಿನ್ ಇಲ್ಲ, ನಂಬರ್ ಕೊಡಬೇಕಾಗಿಲ್ಲ, ಗುಡ್ ಮಾರ್ನಿಂಗ್ ಇಲ್ಲ. ಹಿರಿಯರು ಟಿವಿಯಲ್ಲೋ ಫೋನಿನಲ್ಲೋ ಹೇಗೂ ಯೂಟ್ಯೂಬ್ ನೋಡುತ್ತಾರೆ. ಬಂದವರೆಲ್ಲ ಆ ಒಂದು ಆಟವನ್ನೇ ಹುಡುಕಿ ಬಂದವರು, ಮಾತೂ ಅದರ ಮೇಲೆಯೇ ಇರುತ್ತದೆ.

ಲೈವ್ ಇನ್ನೊಂದು ಮಜಾ. ಈಗ ಹರಕೆಯ ಆಟ ಆಡಿಸುವ ಮನೆಯವರು ಮುಂಬೈ, ದುಬೈಯಲ್ಲಿರುವ ನೆಂಟರಿಗಾಗಿ ಲೈವ್ ಮಾಡಿಸುತ್ತಾರಲ್ಲ, ಅದರ ಚಾಟಿನಲ್ಲಿ ರಾತ್ರಿ ಎರಡರ ಮೇಲೆ ಉಳಿಯುವವರು ಅಸಲಿ ಗಿರಾಕಿಗಳು. ಸಂಜೆ ಹೊತ್ತು ಬರುವ ತೆಂಕು-ಬಡಗು ಜಗಳ, ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕಾಲಮಿತಿ ಬೇಕಾ ಬೇಡವಾ ಅನ್ನುವ ಹಳೇ ರಾಗ ಎಲ್ಲ ಮುಗಿದು, ಜಗಳಗಂಟರು ಮಲಗಿರುತ್ತಾರೆ. ಜನವರಿಯಲ್ಲಿ ನಮಗೆ ಬೆಳಗಿನ ಜಾವ ಮೂರು ಆದಾಗ ನ್ಯೂಯಾರ್ಕಿನವರಿಗೆ ಹಿಂದಿನ ದಿನದ ಸಂಜೆ ನಾಲ್ಕೂವರೆ. ನಾವು ಆಕಳಿಸುತ್ತಾ ಬರೆದರೆ ಅವರು ಕಾಫಿ ಕುಡಿಯುತ್ತಾ ಉತ್ತರ ಕೊಡುತ್ತಾರೆ. "ಈಗ ಬಂದ ಭಾಗವತರು ಯಾರು?" "ಮೊದಲಿನವರು ಇಳಿದರಾ?" "ಶ್ರುತಿ ಏರಿಸಿದ್ರು ನೋಡಿ". ಪಕ್ಕದಲ್ಲಿ ಚಾಪೆ ಹಾಸಿ ಕೂತವರ ಹತ್ತಿರ ಮಾತಾಡಿದ ಹಾಗೇ ಆಗುತ್ತದೆ. ಹನ್ನೆರಡು ಗಂಟೆಯೊಳಗಿನ ಲೈವ್ ಆದರೆ ಪೂರ್ತಿ ವಿಡಿಯೋ ಹಾಗೇ ಉಳಿಯುತ್ತದೆ, ಬೆಳಗಿನ ಮಂಗಳದ ತನಕ ನಡೆಯುವ ಆಟಕ್ಕೆ ಅದು ಧಾರಾಳ ಸಾಕು.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟು. ಆಟದ ಸುದ್ದಿಗೆ ವಾಟ್ಸಾಪ್ ಇರಲಿ, ಆದರೆ ನೋಟಿಫಿಕೇಶನ್ ಮ್ಯೂಟ್ ಮಾಡಿ. ಹೆಣ್ಣುಮಕ್ಕಳು ದೊಡ್ಡ ಗ್ರೂಪಿಗೆ ಸೇರುವ ಮೊದಲು ಒಳಗೆ ಪರಿಚಯದವರು ಯಾರಿದ್ದಾರೆ ಅಂತ ಕೇಳಿ. ಕಲಿಯಬೇಕು, ಮಾತಾಡಬೇಕು ಅಂದರೆ ಯೂಟ್ಯೂಬಿನಲ್ಲಿ ನಿಮಗಿಷ್ಟದ ಭಾಗವತರ ಹಳೆಯ ರೆಕಾರ್ಡಿಂಗ್ ಹುಡುಕಿ, ಕಮೆಂಟ್ ಪೂರ್ತಿ ಓದಿ, ಆಮೇಲೆ ಸಣ್ಣದೊಂದು ಪ್ರಶ್ನೆ ಕೇಳಿ. "ಇದರ ಬಗ್ಗೆ ತಿಳಿಸಿ" ಅಂದರೆ ಯಾರೂ ತಿಳಿಸಲ್ಲ. "ಎರಡು ಗಂಟೆ ಹತ್ತು ನಿಮಿಷಕ್ಕೆ ಬರುವ ಪದ್ಯ ಯಾವ ತಾಳ?" ಅಂತ ಕೇಳಿದರೆ ಹೇಳುತ್ತಾರೆ. ತಪ್ಪಾಗಿ ಬರೆದರೂ ಪರವಾಗಿಲ್ಲ, ತಿದ್ದಲು ಜನ ಓಡಿ ಬರುತ್ತಾರೆ.

ಒಂದೇ ಭಯ ಇರುವುದು. ಚಾನೆಲಿನವರು ವಿಡಿಯೋ ತೆಗೆದರೆ ಕೆಳಗಿನ ಕಮೆಂಟೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಒಳ್ಳೆಯ ಪಟ್ಟಿ ಕಂಡರೆ ನಾನು ಅದನ್ನು ನಕಲು ಮಾಡಿ, ಬರೆದವರ ಹೆಸರು ಹಾಗೇ ಉಳಿಸಿ, ನಮ್ಮ ಟೆಲಿಗ್ರಾಂ ಗ್ರೂಪಿನಲ್ಲಿ ಆಡಿಯೋದ ಕೆಳಗೆ ಹಾಕುತ್ತೇನೆ. ಬೇಸರದ ಕೆಲಸ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕೂರುತ್ತೇನೆ. ಯಾರಾದರೂ ಕೈ ಜೋಡಿಸುವುದಾದರೆ ಹೇಳಿ, ಕನ್ನಡ ಟೈಪಿಂಗ್ ಬಂದರೆ ಸಾಕು, ರಾಗ-ತಾಳ ಗೊತ್ತಿರಬೇಕು ಅಂತೇನಿಲ್ಲ.