ಕಾಕ್‌ಪಿಟ್‌ಗೆ ನುಗ್ಗುತ್ತಿದ್ದ ಚಳಿಗಾಳಿ ತಡೆದದ್ದು ಹೀಗೆ

ಅಮೆರಿಕದ ಮಿನೆಸೋಟಾದ ಚಳಿಯಲ್ಲಿ ಮನೆಯಲ್ಲೇ ಕಟ್ಟಿದ ನಮ್ಮ ಆರ್‌ವಿ-7 ಪುಟ್ಟ ವಿಮಾನ ಹಾರಿಸಿದರೆ, ಹೀಟರ್ ಪೂರ್ತಿ ತೆರೆದರೂ ಬೆನ್ನು ಮರಗಟ್ಟುತ್ತಿತ್ತು. ಗಾಳಿ ಬರುತ್ತಿದ್ದದ್ದು ಹಿಂದಿನಿಂದ! ಹಾರುವಾಗ ಕ್ಯಾನೊಪಿ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಮೇಲೆ ಒತ್ತಡ ಕಡಿಮೆ ಇರುತ್ತದೆ, ಅಲ್ವಾ? ಅದರ ಅಂಚಿನ ಸಂದುಗಳಿಂದ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಆ ಜಾಗ ತುಂಬಲು ಬಾಲದ ಕಡೆಯಿಂದ, ರೆಕ್ಕೆಯ ಬುಡದಿಂದ ತಣ್ಣನೆಯ ಗಾಳಿ ನುಗ್ಗುತ್ತದೆ.

ಕ್ಯಾನೊಪಿ ಅಂಚಿಗೆ ಫೋಮ್ ಪಟ್ಟಿ ಅಂಟಿಸಿದೆ. ಆದರೆ ದೊಡ್ಡ ಕಳ್ಳ ಅಂದರೆ ಏಲರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುವ ಪಟ್ಟಿ) ಆಡಿಸುವ ಸರಳು, ಪುಶ್‌ರಾಡ್, ಹಾದುಹೋಗುವ ತೂತು. ಅದಕ್ಕೆ ಸಡಿಲವಾದ ಬಟ್ಟೆಯ ಚೀಲ ಹೊಲಿದು ಕಟ್ಟಿದೆ. ಬಿಗಿಯಾದರೆ ಕಂಟ್ರೋಲ್ ಸಿಕ್ಕಿಕೊಳ್ಳಬಹುದು, ಅದಕ್ಕೇ ವಿಮಾನ ನಡೆಸುವ ಸ್ಟಿಕ್ಕನ್ನು ಎರಡೂ ಕೊನೆವರೆಗೆ ಆಡಿಸಿ ನೋಡಿದೆ. ಈಗ ಹೀಟರ್ ಅರ್ಧ ತೆರೆದರೆ ಸಾಕು.

ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಗೋಡೆ, ಅಂದರೆ ಫೈರ್‌ವಾಲ್‌ನ ತೂತುಗಳಿಗೆ ಮಾತ್ರ ಬೆಂಕಿ ತಡೆಯುವ ಸೀಲೆಂಟೇ ಬೇಕು, ಸುಮ್ನೆ ಯಾವುದೋ ಸಿಲಿಕೋನ್ ಬಳಿದರೆ ಆಗಲ್ಲ. ಎಂಜಿನ್ ಹೊಗೆಯ ವಿಷಾನಿಲ ಒಳಗೆ ಬಂದರೆ ತಿಳಿಯಲಿ ಅಂತ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಇಟ್ಟಿದ್ದೇನೆ.