ಮುಳುಗಲೆಂದೇ ಕಟ್ಟಿದ ದಾರಿ

ನಮ್ಮ ಬಡಾವಣೆ ಹಿಂದಿನ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಪಕ್ಕ ವಾಕಿಂಗ್ ಪಾತ್ ಮಾಡಿ ಅಂತ ಎಲ್ಲರೂ ಕೇಳುತ್ತಿದ್ದರು. ಸಿವಿಲ್ ಎಂಜಿನಿಯರ್ ಆದ ನನಗೆ ಮೊದಲು ಕಾಡಿದ್ದು ಅದರಲ್ಲಿ ಹರಿಯುವ ನೀರು.

ಬೆಂಗಳೂರಲ್ಲಿ ಫೆಬ್ರವರಿಯಲ್ಲಿ ಮಳೆ ಅಪರೂಪ. ಆಗ ಕಾಲುವೆಯಲ್ಲಿ ಹರಿಯುವುದು ಬಹುಪಾಲು ಕೊಳಚೆಯೇ. ಬೆಳಗ್ಗೆ ಏಳರ ಹೊತ್ತಿಗೆ ನೀರು ಏರಿ ಸೋಪಿನ ನೊರೆ ಬರುತ್ತಿತ್ತು. ಎಲ್ಲರೂ ಸ್ನಾನ ಮಾಡುವ ಹೊತ್ತು ಅಲ್ವಾ! ಗಂಬೂಟ್ ಹಾಕಿಕೊಂಡು ಗೋಡೆಗುಂಟ ನಡೆದೆವು. ಬಿಸಿಲಲ್ಲೂ ತೊಟ್ಟಿಕ್ಕುವ 'ಮಳೆನೀರಿನ' ಪೈಪುಗಳಿಗೆ ಸುಣ್ಣದ ಗುರುತು ಹಾಕಿದೆವು. ಅನುಮಾನ ಬಂದ ಕಡೆ ಮನೆ ಮುಂದಿನ ಚೇಂಬರ್‌ಗೆ ಹಸಿರು ಬಣ್ಣ ಸುರಿದು ಕಾಲುವೆಯಲ್ಲಿ ಕಾದೆವು. ಬಣ್ಣ ಕಂಡರೆ ವಾದಕ್ಕೆ ಜಾಗವೇ ಇಲ್ಲ. ಇವನ್ನೆಲ್ಲ ಒಳಚರಂಡಿಗೆ ತಿರುಗಿಸುವುದಕ್ಕೇ ಜಾಸ್ತಿ ದುಡ್ಡು ಹೋಯಿತು. ಟೇಪ್ ಕತ್ತರಿಸಿ ಉದ್ಘಾಟಿಸುವ ಕೆಲಸವಲ್ಲ ಇದು, ಹಾಗಾಗಿ ದುಡ್ಡು ಹುಟ್ಟಿಸುವುದೂ ಕಷ್ಟ.

ಆಮೇಲೆ ನೆರೆ. ನಮ್ಮೂರು ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿಯುತ್ತದೆ. ನಮ್ಮ ಕಾಲುವೆಯದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ನದಿಗೆ. ಹಿಂದೆ ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆ ತುಂಬುತ್ತಿತ್ತು, ನೀರಿಗೆ ನಿಂತು ಹೋಗಲು ಜಾಗವಿತ್ತು. ನೇರವಾಗಿ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ನೀರು ನುಗ್ಗಿ ಕೆಳಗಿನವರ ಮನೆ ಸೇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಟ್ರಾಕ್ಟರ್‌ನಲ್ಲಿ ಜನ ಓಡಾಡಿದ್ದು ನೆನಪಿರಬೇಕು.

ಕಲ್ಲು, ಗಿಡ ಇದ್ದರೆ ನೀರಿನ ವೇಗ ತಗ್ಗುತ್ತದೆ. ಆದರೆ ಅಗಲ ಹೆಚ್ಚದಿದ್ದರೆ ಮಟ್ಟ ಏರುತ್ತದೆ. ಇದನ್ನು ಮರೆತು ಇಕ್ಕಟ್ಟಿನ ಕಾಲುವೆಯಲ್ಲೂ ಗಿಡ ನೆಡಿಸುವವರಿದ್ದಾರೆ. ನಾವು ಇಕ್ಕಟ್ಟಿನ ಕಡೆ ಸುಮ್ನೆ ಗೋಡೆ ಉಳಿಸಿಕೊಂಡೆವು. ಪಾರ್ಕ್ ಪಕ್ಕದಲ್ಲಿ ಮಾತ್ರ ದಂಡೆಯನ್ನು ಮೆಟ್ಟಿಲಾಗಿ ಕಡಿದು ತಗ್ಗಿಸಿದೆವು. ನಡುವೆ ಕಲ್ಲಿನ ಕಿರುಗಾಲುವೆ, ಮೇಲಿನ ಹಂತದಲ್ಲಿ ದಾರಿ, ಇಳಿಜಾರಿಗೆ ಲಾವಂಚ. ಲಾವಂಚದ ಬೇರು ಎರಡು-ಮೂರು ಮೀಟರ್ ಇಳಿದು ಮಣ್ಣು ಹಿಡಿಯುತ್ತದೆ.

ಜೋರು ಮಳೆಗೆ ದಾರಿ ಮುಳುಗಬೇಕು ಅನ್ನುವುದೇ ಲೆಕ್ಕ. ಸಭೆಯಲ್ಲಿ ಒಬ್ಬರು, "ಕಟ್ಟಿದ್ದು ಮುಳುಗುತ್ತೆ ಅಂದ್ರೆ ಇದೆಂಥ ಎಂಜಿನಿಯರಿಂಗ್ ರೀ?" ಅಂದರು. ದಾರಿ ಮುಳುಗದಿದ್ದರೆ ನಿಮ್ಮ ಬೇಸ್‌ಮೆಂಟ್ ಮುಳುಗುತ್ತೆ ಅಂದೆ. ಟೈಲ್ಸ್ ಬದಲು ಒರಟು ಗ್ರಾನೈಟ್ ಹಾಕಿದೆವು, ಲೈಟಿನ ವೈರೆಲ್ಲ ನೆರೆಮಟ್ಟದ ಮೇಲೆ ಎಳೆದೆವು. ನೀರು ನಿಮಿಷಗಳಲ್ಲಿ ಏರುವುದರಿಂದ ಅಲ್ಲಲ್ಲಿ ಮೇಲೆ ಹತ್ತುವ ಮೆಟ್ಟಿಲಿವೆ. ಮೋಡ ಕಟ್ಟಿದರೆ ಗಾರ್ಡ್ ಗೇಟ್ ಹಾಕುತ್ತಾನೆ.

ಈಗಲೂ ತಲೆನೋವು ಮೇಲ್ಗಡೆಯ ಕಸದ ಜಾಲರಿ. ಎಳನೀರು ಬುರುಡೆ, ಥರ್ಮಾಕೋಲ್, ಒಮ್ಮೆ ಇಡೀ ಹಾಸಿಗೆ! ಜಾಲರಿ ಕಟ್ಟಿಕೊಂಡರೆ ಅದೇ ಅಣೆಕಟ್ಟು. ನೀವೂ ಇಂಥ ಕೆಲಸ ಹಿಡಿದರೆ, ಬೆಂಚು-ಗಿಡದ ಲೆಕ್ಕಕ್ಕೆ ಮೊದಲು ಜಾಲರಿಯ ಕಸ ತೆಗೆಯುವವರ ಸಂಬಳವನ್ನು ಟೆಂಡರ್‌ನಲ್ಲಿ ಸೇರಿಸಿ. ಹೂಳನ್ನು ಮೇ ತಿಂಗಳ ಮಳೆಗೆ ಮುಂಚೆಯೇ ಎತ್ತಿಸಿ.